ನಂಜಮ್ಮನ ಕೈ, ನನ್ನ ವೀಣೆ

ಹಳೆಯ ಕಾಲದ ಕಥೆ ಹೇಳುವ ಧಾರಾವಾಹಿ ಯಾವುದೇ ಶುರುವಾಗಲಿ, ನನ್ನ ಕಣ್ಣು ಮೊದಲು ಹೋಗುವುದು ಪಾತ್ರಧಾರಿಗಳ ಕೈಯ ಕಡೆಗೆ. ಸೀರೆ, ಒಡವೆ, ಕಂಬ, ತೊಟ್ಟಿಮನೆ ಇವೆಲ್ಲ ದುಡ್ಡು ಸುರಿದರೆ ಬರುತ್ತವೆ. ಬಾವಿಯಲ್ಲಿ ನೀರು ಸೇದುವವಳು ಹಗ್ಗವನ್ನು ಹೇಗೆ ಹಿಡಿದಿದ್ದಾಳೆ, ಒರಳಿನ ಮುಂದೆ ಕೂತವಳ ಎಡಗೈ ಏನು ಮಾಡುತ್ತಿದೆ, ಪತ್ರ ಬರೆಯುವವನ ಲೇಖನಿ ನಿಜಕ್ಕೂ ಕಾಗದದ ಮೇಲೆ ಓಡುತ್ತಿದೆಯೇ ಎನ್ನುವುದಕ್ಕೆ ದುಡ್ಡು ಸಾಲದು. ಯಾರಾದರೂ ಕೂತು ಕಲಿಸಬೇಕು, ಇನ್ಯಾರಾದರೂ ಕೂತು ಕಲಿಯಬೇಕು. ಅಷ್ಟು ತಾಳ್ಮೆ ಇಟ್ಟುಕೊಂಡವರು ಮಾಡಿದ ಧಾರಾವಾಹಿಯನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಾಗುವುದಿಲ್ಲ.

ಕನ್ನಡದಲ್ಲಿ ಅಂಥದ್ದು ಅಂದರೆ ನನ್ನ ಮಟ್ಟಿಗೆ ‘ಗೃಹಭಂಗ’. ಭೈರಪ್ಪನವರ ಕಾದಂಬರಿಯನ್ನು ಗಿರೀಶ ಕಾಸರವಳ್ಳಿ ಟೀವಿಗೆ ತಂದದ್ದು. ಕಳೆದ ಶತಮಾನದ ಮೊದಲರ್ಧದ ತಿಪಟೂರು ಸೀಮೆ, ಪ್ಲೇಗು ಬಂದರೆ ಊರು ಬಿಟ್ಟು ಶೆಡ್ಡು ಹಾಕಿಕೊಳ್ಳುವ ಜನ, ಮನೆಯೊಳಗೆ ಬೆಳಗ್ಗೆಯಿಂದ ಸಂಜೆವರೆಗೆ ಬೈಗುಳ. ಅದರ ನಡುವೆ ನಂಜಮ್ಮ. ಮಾಳವಿಕಾ ಆ ಪಾತ್ರ ಮಾಡಿದ್ದರು. ಶಾನುಭೋಗಿಕೆ ಗಂಡನದ್ದು, ಕೆಲಸ ಹೆಂಡತಿಯದ್ದು: ಲೆಕ್ಕದ ಪುಸ್ತಕಕ್ಕೆ ರೂಲು ಹಾಕುವುದು, ಖಾನೇಷುಮಾರಿ, ಅಂದರೆ ಜನಗಣತಿ, ಬರೆಯುವುದು. ಅದು ಮುಗಿದರೆ ಮುತ್ತುಗದ ಎಲೆ ಹಚ್ಚಿ, ಮಾರಿ, ಮಕ್ಕಳ ಹೊಟ್ಟೆಗೆ ದಾರಿ ಮಾಡುವುದು. ಆ ಹೆಂಗಸು ತನ್ನ ಕಷ್ಟವನ್ನು ಬಾಯಲ್ಲಿ ಹೇಳುವುದು ಬಹಳ ಕಡಿಮೆ. ಹೇಳಬೇಕಾದದ್ದನ್ನೆಲ್ಲ ಕೈಯೇ ಹೇಳುತ್ತದೆ. ನಮ್ಮಜ್ಜಿಯೂ ಎಲೆ ಹಚ್ಚುತ್ತಿದ್ದರು. ಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿ, ಎಲೆಯ ಅಂಚು ಮಡಿಸಿ ಚುಚ್ಚುವ ಆ ವೇಗ ನನಗೆ ಚೆನ್ನಾಗಿ ನೆನಪಿದೆ. ಅದಕ್ಕೇ ಇರಬೇಕು, ನಂಜಮ್ಮನನ್ನು ನಟಿ ಅಂತ ನೋಡಲು ನನಗೆ ಸಾಧ್ಯವಾಗಿಲ್ಲ.

ಇನ್ನೊಂದು ‘ಮಾಲ್ಗುಡಿ ಡೇಸ್’. 1980ರ ದಶಕದಲ್ಲಿ ಶಂಕರ್‌ನಾಗ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿಬಿಟ್ಟರು. ಮಾಸ್ಟರ್ ಮಂಜುನಾಥ್ ಸ್ವಾಮಿ, ಗಿರೀಶ ಕಾರ್ನಾಡರು ಅವನ ಅಪ್ಪ, ವೈಶಾಲಿ ಕಾಸರವಳ್ಳಿ ಅಮ್ಮ. ಮಳೆ ಬಿದ್ದು ಪಾಚಿಗಟ್ಟಿದ ಆ ಅಂಗಳ, ದೊಡ್ಡ ಮನೆಯ ಜಗುಲಿ. ಭಾಷೆ ಹಿಂದಿ, ಆದರೆ ಮನೆ ನಮ್ಮದು. ಅದರ ಸಂಗೀತ ಎಲ್. ವೈದ್ಯನಾಥನ್ ಅವರದ್ದು, ಕರ್ನಾಟಕ ಸಂಗೀತದ ಪಿಟೀಲು ಮನೆತನದಿಂದ ಬಂದವರು. ಪದಗಳೇ ಇಲ್ಲದ ಆ ಗುನುಗು ಶುರುವಾದರೆ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳೆಲ್ಲ ಯಾರ ಮನೆಯಲ್ಲಿ ಟೀವಿ ಇದೆಯೋ ಅಲ್ಲಿ ಸೇರುತ್ತಿದ್ದರು. ಆಮೇಲೆ 1988ರಲ್ಲಿ ಶ್ಯಾಮ್ ಬೆನಗಲ್ ಅವರ ‘ಭಾರತ್ ಏಕ್ ಖೋಜ್’ ಬಂತು, 53 ಕಂತು. ಋಗ್ವೇದದ ನಾಸದೀಯ ಸೂಕ್ತಕ್ಕೆ ವನರಾಜ್ ಭಾಟಿಯಾ ಸಂಗೀತ ಕೂಡಿಸಿದ್ದರು. ಅರ್ಥ ಒಂದಿಷ್ಟೂ ಆಗದಿದ್ದರೂ ಆ ದನಿಗಳು ಒಟ್ಟಿಗೆ ಎದ್ದಾಗ ಮೈ ಜುಮ್ಮೆನ್ನುತ್ತಿತ್ತು. ಅದೇ ವರ್ಷ ಗುಲ್ಜಾರರ ‘ಮಿರ್ಜಾ ಗಾಲಿಬ್’, ಜಗಜೀತ್ ಸಿಂಗರ ದನಿ. ನನ್ನ ಕಿವಿಗೆ ರಾಗದ ರುಚಿ ಹತ್ತಿಸಿದ್ದರಲ್ಲಿ ವೀಣೆಯ ಕ್ಲಾಸಿನಷ್ಟೇ ಪಾಲು ಈ ಧಾರಾವಾಹಿಗಳಿಗೂ ಇದೆ ಎಂದು ನಾನು ನಂಬಿದ್ದೇನೆ.

ಆ ಕಾಲದ ಮಾತು ಬಂದಾಗ ಮೈಸೂರಿನವರಿಗೆ ಇನ್ನೊಂದು ನೆನಪೂ ಬರುತ್ತದೆ. 1989ರ ಫೆಬ್ರವರಿಯಲ್ಲಿ ಟಿಪ್ಪು ಸುಲ್ತಾನನ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಮೈಸೂರಿನ ಸ್ಟುಡಿಯೊದಲ್ಲಿ ಬೆಂಕಿ ಬಿದ್ದು ಹಲವಾರು ಮಂದಿ ತೀರಿಕೊಂಡರು. ಪರದೆಯ ಮೇಲಿನ ಅರಮನೆಯನ್ನು ಯಾರೋ ಬಡಗಿ, ಯಾರೋ ದೀಪದವರು, ಯಾರೋ ಬಟ್ಟೆ ಹೊಲಿಯುವವರು ಕೈಯಾರೆ ಕಟ್ಟಿರುತ್ತಾರೆ. ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಯನ್ನು ನಾನು ಇವತ್ತಿಗೂ ಪೂರ್ತಿ ಓದುತ್ತೇನೆ.

ವೀಣೆಯ ವಿಷಯಕ್ಕೆ ಬರುತ್ತೇನೆ. ಸೀನಿಯರ್ ಪರೀಕ್ಷೆವರೆಗೆ ಕಲಿತಿದ್ದೆ. ಆಮೇಲೆ ಬ್ಯಾಂಕಿನ ಕೆಲಸ, ಮದುವೆ, ವರ್ಗಾವಣೆ, ಮಗು, ಅತ್ತೆಯವರ ಕಾಯಿಲೆ. ವೀಣೆ ಅಮ್ಮನ ಹಳೆಯ ಸೀರೆ ಸುತ್ತಿಕೊಂಡು ಅಟ್ಟ ಸೇರಿತು. ನವರಾತ್ರಿಯಲ್ಲಿ ಕೆಳಗಿಳಿಸಿ, ಒರೆಸಿ, ಸರಸ್ವತಿ ಪೂಜೆಗೆ ಇಟ್ಟು, ಹೂವು ಬಾಡಿದ ಮೇಲೆ ಮತ್ತೆ ಅಟ್ಟಕ್ಕೆ. ಹೀಗೆ ಎಷ್ಟೋ ನವರಾತ್ರಿಗಳು ಕಳೆದವು.

ಒಂದು ಸಂಜೆ ಹೊಸದೊಂದು ಐತಿಹಾಸಿಕ ಧಾರಾವಾಹಿ ನೋಡುತ್ತಿದ್ದೆ. ರಾಜಕುಮಾರಿ ತೋಟದಲ್ಲಿ ಕೂತು ವೀಣೆ ನುಡಿಸುತ್ತಾಳೆ, ಸಖಿಯರು ತಲೆದೂಗುತ್ತಾರೆ. ಹಿನ್ನೆಲೆಯಲ್ಲಿ ಕೇಳುತ್ತಿದ್ದ ನುಡಿಸಾಣಿಕೆ ಒಳ್ಳೆಯವರದ್ದೇ, ಸೊಗಸಾಗಿತ್ತು. ಆದರೆ ಸ್ವರ ತಾರ ಷಡ್ಜದಿಂದ ಕೆಳಗಿಳಿಯುತ್ತಿದ್ದಾಗ ಹುಡುಗಿಯ ಎಡಗೈ ವೀಣೆಯ ದುಂಡನೆಯ ಕೊಡದ ಕಡೆಗೆ, ಅಂದರೆ ಮೇಲಿನ ಸ್ವರಗಳ ಕಡೆಗೆ ಜಾರುತ್ತಿತ್ತು. ಬಲಗೈ ಬೆರಳು ತಂತಿಯನ್ನು ಮುಟ್ಟುತ್ತಲೇ ಇರಲಿಲ್ಲ. ಅದನ್ನು ನೋಡುತ್ತಿದ್ದಂತೆ ನನ್ನ ಎಡಗೈ ತಾನಾಗಿಯೇ ಮಂಡಿಯ ಮೇಲೆ ಸರಿಯಾದ ದಿಕ್ಕಿಗೆ ಸರಿಯಿತು: ಸ, ನಿ, ದ, ಪ. ಅಷ್ಟು ವರ್ಷ ಮುಟ್ಟದೆ ಇದ್ದರೂ ಪಂಚಮದ ಮೆಟ್ಟಿಲು, ಅಂದರೆ ಆ ಸ್ವರಕ್ಕೆ ಬೆರಳೊತ್ತುವ ಪಟ್ಟಿ, ಎಲ್ಲಿದೆ ಅಂತ ತೋರುಬೆರಳಿಗೆ ಗೊತ್ತಿತ್ತು. ಧಾರಾವಾಹಿ ಮುಂದೆ ಹೋಯಿತು. ನಾನು ಬೆರಳು ನೋಡುತ್ತಾ ಕೂತಿದ್ದೆ.

ಆ ದೃಶ್ಯದಲ್ಲಿ ಇನ್ನೊಂದು ತೊಡಕಿತ್ತು, ಅದನ್ನೂ ಹೇಳಿಬಿಡುತ್ತೇನೆ. ಕಥೆ ನಡೆಯುವುದು 12ನೇ ಶತಮಾನದಲ್ಲಿ. ಅವಳ ತೊಡೆಯ ಮೇಲಿದ್ದದ್ದು ಕೊಡದ ಎದುರು ತುದಿಯಲ್ಲಿ ಯಾಳಿ ಎಂಬ ಕಲ್ಪನೆಯ ಮೃಗದ ಮುಖವಿರುವ, ಮೇಣದಲ್ಲಿ 24 ಮೆಟ್ಟಿಲು ಕೂರಿಸಿದ ಇಂದಿನ ವೀಣೆ. ಅದು ಈ ರೂಪಕ್ಕೆ ಬಂದದ್ದು ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ, 17ನೇ ಶತಮಾನದ ಮೊದಲ ಭಾಗದಲ್ಲಿ ಎನ್ನುತ್ತಾರೆ ಸಂಗೀತದ ಇತಿಹಾಸ ಬಲ್ಲವರು. ಅದಕ್ಕೂ ಮುಂಚೆ ವಿಜಯನಗರದಲ್ಲಿ ರಾಮಾಮಾತ್ಯ 1550ರಲ್ಲಿ ಬರೆದ ‘ಸ್ವರಮೇಳಕಲಾನಿಧಿ’ಯಲ್ಲಿ ವೀಣೆಯ ಮೆಟ್ಟಿಲುಗಳ ಲೆಕ್ಕಾಚಾರ ಇದೆ. ಇನ್ನೂ ಹಿಂದೆ ಹೋದರೆ ಬೇಲೂರು, ಹಳೇಬೀಡಿನ ಗೋಡೆಗಳ ಮೇಲಿರುವುದು ಉದ್ದ ದಂಡಿಗೆ ಸೋರೆಬುರುಡೆ ಕಟ್ಟಿದ ವೀಣೆ. ಬಸವಣ್ಣನವರ ವಚನವನ್ನೇ ನೆನೆಸಿಕೊಳ್ಳಿ. ಕಾಯ ದಂಡಿಗೆ, ಶಿರ ಸೋರೆ, ನರ ತಂತಿ, ಬೆರಳು ಕಡ್ಡಿ, ಕೊನೆಗೆ ಎದೆಗೊತ್ತಿಕೊಂಡು ಬಾರಿಸು ಎನ್ನುವ ಬೇಡಿಕೆ. ಎದೆಗೊತ್ತಿ ನುಡಿಸುವ ಆ ವಾದ್ಯವನ್ನು ಪರದೆಯ ಮೇಲೆ ಒಮ್ಮೆ ನೋಡುವ ಆಸೆ ನನಗಿದೆ. ನೆಲದ ಮೇಲೆ ಕೂತು ತೊಡೆಯ ಮೇಲಿಟ್ಟುಕೊಂಡು ನುಡಿಸುವ ನಮ್ಮ ವೀಣೆಗಿಂತ ಅದರ ಭಂಗಿಯೇ ಬೇರೆ, ಮೈ ಮತ್ತು ವಾದ್ಯದ ಸಂಬಂಧವೇ ಬೇರೆ. ಒಂದು ಕಾಲವನ್ನು ತೋರಿಸುವುದು ಅಂದರೆ ಇದನ್ನು ತೋರಿಸುವುದು. ಕಿರೀಟದ ಕಲ್ಲುಗಳನ್ನು ಯಾರು ಬೇಕಾದರೂ ತೋರಿಸಬಹುದು.

ಆ ಭಾನುವಾರ ಅಟ್ಟದಿಂದ ವೀಣೆ ಇಳಿಸಿದೆ. ನವರಾತ್ರಿ ಅಲ್ಲದ ದಿನ ಅದು ಕೆಳಗೆ ಬಂದದ್ದನ್ನು ನೋಡಿ ಮನೆಯವರಿಗೂ ಆಶ್ಚರ್ಯ. ಸೀರೆ ಬಿಚ್ಚಿ ನೋಡಿದರೆ ಮೇಣ ಬಿರುಕು ಬಿಟ್ಟು, ಕೆಲವು ಮೆಟ್ಟಿಲುಗಳು ಓರೆಯಾಗಿದ್ದವು. ಸಾರಣಿ ತಂತಿ ತುಕ್ಕು ಹಿಡಿದಿತ್ತು. ತಂತಿ ಬಿಗಿಯುವ ಒಂದು ಬಿರಡೆ ತಿರುಗಿಸಿದರೆ ನಿಲ್ಲದೆ ಜಾರುತ್ತಿತ್ತು. ಮೀಟಿದಾಗ ಬಂದ ನಾದ ಮಾತ್ರ ದಪ್ಪಗೆ, ಸ್ವಲ್ಪ ಹೊತ್ತು ನಿಂತಿತು. ಹಲಸಿನ ಮರ ತನ್ನ ಕೆಲಸ ಬಿಟ್ಟಿರಲಿಲ್ಲ.

ಪರಿಚಯದವರು ಸಿಂಪಾಡಿಪುರಕ್ಕೆ ಹೋಗಿ ಅಂದರು. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ದೊಡ್ಡಬಳ್ಳಾಪುರದ ತಾಲ್ಲೂಕಿನಲ್ಲಿರುವ ಊರು. ಪೆನ್ನ ಓಬಳಯ್ಯನವರಿಂದ ಹೆಸರಾದ ವೀಣೆಯ ಊರು ಅದು, ಅಲ್ಲಿ ಹಲಸಿನ ಮರದಲ್ಲಿ ವೀಣೆ ಮಾಡುತ್ತಾರೆ. ಕಾರಿನ ಹಿಂದಿನ ಸೀಟಿನಲ್ಲಿ ವೀಣೆಯನ್ನು ದಿಂಬುಗಳ ನಡುವೆ ಮಲಗಿಸಿಕೊಂಡು ಹೊರಟೆ. ಊರೊಳಗೆ ಹೋದರೆ ಒಂದು ಮನೆಯ ಮುಂದೆ ಅರ್ಧ ಕೆತ್ತಿದ ಕೊಡ ಬಿಸಿಲಿಗೆ ಒಣಗುತ್ತಿದೆ, ಇನ್ನೊಂದು ಮನೆಯ ಜಗುಲಿಯ ಮೇಲೆ ದಂಡಿಗಳು ಗೋಡೆಗೆ ಒರಗಿವೆ, ನೆಲದ ತುಂಬ ಹಳದಿ ಹೊಟ್ಟು. ನನ್ನ ವೀಣೆ ನೋಡಿದ ಹಿರಿಯರು ಕೊಡದ ಮೇಲೆ ಬೆರಳಿನಿಂದ ತಟ್ಟಿ ಕಿವಿಕೊಟ್ಟರು.

“ಬೋ ವರ್ಷ ಆಗೈತಲ್ಲಮ್ಮ ಇದನ್ನ ಮುಟ್ಟಿ?”

“ಹೌದು, ಮಗಳು ಹುಟ್ಟಿದ ಮೇಲೆ ನುಡಿಸಿಲ್ಲ.”

“ಮರಕ್ಕೇನೂ ಆಗಿಲ್ಲ ಬುಡಿ. ಮೇಳ ಹೊಸದಾಗಿ ಕಟ್ಬೇಕು. ಕುದುರೆ ಒಸಿ ಉಜ್ಬೇಕು. ಆಮೇಲೆ ನೋಡಿ ಎಂಗೆ ಮಾತಾಡ್ತದೆ.”

ಮೇಳ ಕಟ್ಟುವುದನ್ನು, ಅಂದರೆ ಮೆಟ್ಟಿಲುಗಳನ್ನು ಸ್ವರಕ್ಕೆ ಸರಿಯಾಗಿ ಕೂರಿಸುವುದನ್ನು, ಎದುರಿಗೆ ಕೂತು ನೋಡಿದ್ದು ನನ್ನ ಬದುಕಿನ ದೊಡ್ಡ ಸಂತೋಷಗಳಲ್ಲಿ ಒಂದು. ಮೊದಲು ಹಳೆಯ ಮೆಟ್ಟಿಲುಗಳನ್ನೆಲ್ಲ ಕಿತ್ತು, ಕ್ರಮ ತಪ್ಪದ ಹಾಗೆ ಒಂದು ಹಲಗೆಯ ಮೇಲೆ ಜೋಡಿಸಿದರು. ತಂತಿ ಎಳೆದೆಳೆದು ಕೆಲವು ಮೆಟ್ಟಿಲುಗಳಲ್ಲಿ ಸಣ್ಣ ಗೀರು ಬಿದ್ದಿತ್ತು. ಆ ಗೀರುಗಳು ಯಾವ ಸ್ವರದವು ಅಂತ ನನಗೆ ನೋಡಿದ ಕೂಡಲೇ ತಿಳಿಯಿತು, ವರ್ಷಗಟ್ಟಲೆ ನಾನೇ ಎಳೆದು ಮಾಡಿದ್ದವು. ಅರದಿಂದ ಅವನ್ನು ನುಣ್ಣಗೆ ಉಜ್ಜಿದರು. ಒಣಗಿದ ಮೇಣವನ್ನು ಕೆರೆದು ತೆಗೆದು, ಕಪ್ಪು ಪುಡಿ ಬೆರೆಸಿದ ಜೇನುಮೇಣವನ್ನು ಕಾಯಿಸಿ ದಂಡಿಯ ಎರಡೂ ಅಂಚಿಗೆ ಉದ್ದಕ್ಕೂ ಕೂರಿಸಿದರು. ಮೇಣ ಇನ್ನೂ ಮೆತ್ತಗಿರುವಾಗಲೇ ಮೆಟ್ಟಿಲಿಟ್ಟು, ತಂತಿ ಮೀಟಿ, ತಲೆ ಬಗ್ಗಿಸಿ ಕೇಳಿ, ಹೆಬ್ಬೆರಳಿನಿಂದ ಕೂದಲೆಳೆಯಷ್ಟು ಸರಿಸಿ, ಮತ್ತೆ ಮೀಟುವುದು. ಏಳನೆಯ ಮೆಟ್ಟಿಲಿಗೆ ಪಂಚಮ, ಹನ್ನೆರಡನೆಯದಕ್ಕೆ ಮೇಲಿನ ಷಡ್ಜ. ಅವೆರಡು ಗಟ್ಟಿಯಾದ ಮೇಲೆ ನಡುವಿನವು. ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಗುಂಯ್ ಅನ್ನುತ್ತಿತ್ತು, ಅಷ್ಟೇ. ಅವರ ಮೊಮ್ಮಗ ಫೋನಿನಲ್ಲಿ ಸ್ವರ ಅಳೆಯುವ ಆ್ಯಪ್ ತೆರೆದು ತೋರಿಸಿದಾಗ ಅಜ್ಜ ಒಮ್ಮೆ ನೋಡಿ, ಸರಿಯಾಗಿದೆ ಅಂತ ತಲೆಯಾಡಿಸಿ, ತಮ್ಮ ಕಿವಿಯ ಕೆಲಸ ಮುಂದುವರಿಸಿದರು. ಕೊನೆಗೆ ತಂತಿಗಳನ್ನು ಹೊತ್ತ ಕುದುರೆಯ ಮೇಲಿನ ಕಂಚಿನ ತಗಡು. ಅದರ ಬಾಗು ಸರಿಯಿದ್ದರೆ ಮಾತ್ರ ತಂತಿ ಅದನ್ನು ಸವರಿಕೊಂಡು ಮಿಡಿದು, ನಾದ ಉದ್ದಕ್ಕೆ ಬೆಳೆಯುತ್ತದೆ. ಇಷ್ಟಿಷ್ಟೇ ಉಜ್ಜಿ, ತಂತಿ ಕೂರಿಸಿ ಕೇಳಿ, ಮತ್ತೆ ತೆಗೆದು ಉಜ್ಜಿದರು. ಅವರ ಕೈಯನ್ನು ನೋಡುತ್ತಾ ಕೂತಿದ್ದಾಗ ನನಗೆ ನಂಜಮ್ಮ ರೂಲು ಹಾಕುವುದೇ ಕಣ್ಣ ಮುಂದೆ ಬಂತು. ಅವಸರ ಇಲ್ಲ, ಬೇಸರ ಇಲ್ಲ, ಯಾರಾದರೂ ನೋಡಲಿ ಅನ್ನುವುದೂ ಇಲ್ಲ.

ಮನೆಗೆ ಬಂದ ಮೇಲಿನ ದಿನಗಳು ಕಷ್ಟದವು. ಶ್ರುತಿ ಮಾಡಲು ಕಿವಿ ಇತ್ತು, ನುಡಿಸಲು ಬೆರಳಿರಲಿಲ್ಲ. ಮಾಯಾಮಾಳವಗೌಳ ರಾಗದಲ್ಲಿ, ಮೊದಲ ಪಾಠವಾದ ಸರಳೆ ವರಸೆಯಿಂದಲೇ ಶುರು ಮಾಡಿದೆ. ಎಡಗೈಯ ತೋರುಬೆರಳು, ನಡುಬೆರಳ ತುದಿಯಲ್ಲಿ ತಂತಿ ಗೆರೆ ಕೊರೆಯಿತು. ಹಳೆಯ ಜಡ್ಡೆಲ್ಲ ಕರಗಿ ಎಷ್ಟೋ ಕಾಲವಾಗಿತ್ತಲ್ಲ. ಬ್ಯಾಂಕಿನಲ್ಲಿ ಕೀಬೋರ್ಡ್ ಒತ್ತಿದರೂ ಚುರ್ ಅನ್ನುತ್ತಿತ್ತು. ಹತ್ತಿಯಲ್ಲಿ ಕೊಬ್ಬರಿಎಣ್ಣೆ ಅದ್ದಿ ಪಕ್ಕದಲ್ಲಿಟ್ಟುಕೊಂಡು, ಬೆರಳಿಗೆ ಸವರಿ ನುಡಿಸುವುದು, ನೋವು ಹೆಚ್ಚಾದರೆ ಬಲಗೈಯಲ್ಲಿ ಬರೀ ತಾಳದ ತಂತಿ ಮೀಟುತ್ತಾ ಕೂರುವುದು. ಕಿರುಬೆರಳು ತಾಳದ ತಂತಿಯನ್ನು ಕೆಳಗಿನಿಂದ ಮೇಲಕ್ಕೆ ಎತ್ತಬೇಕು, ಉಳಿದೆರಡು ಬೆರಳು ಮೇಲಿನಿಂದ ಕೆಳಕ್ಕೆ ಬರಬೇಕು. ಇದೊಂದು ಹೊಂದಾಣಿಕೆ ಮರಳಿ ಬರಲು ಬಹಳ ಕಾಲ ಹಿಡಿಯಿತು. ಬೆರಳ ತುದಿ ಕಪ್ಪಾಗಿ, ಗಟ್ಟಿಯಾಗಿ, ಕೊನೆಗೆ ನೋವು ನಿಂತ ದಿನ ಮಗಳಿಗೆ ಕರೆದು ಮುಟ್ಟಿಸಿ ತೋರಿಸಿದೆ.

ನನಗೆ ಕಲಿಸಿದ ಮೇಷ್ಟ್ರು ಈಗಿಲ್ಲ. ಹೊಸ ಟೀಚರ್ ನನಗಿಂತ ತುಂಬಾ ಚಿಕ್ಕವರು. ನಾನು ಅವರನ್ನು ಟೀಚರ್ ಅನ್ನುತ್ತೇನೆ, ಅವರು ನನ್ನನ್ನು ಆಂಟಿ ಅನ್ನುತ್ತಾರೆ, ಪಾಠದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಮೊದಲ ದಿನ ಮೋಹನ ರಾಗದ ಆದಿತಾಳದ ವರ್ಣ ನುಡಿಸಿ ಅಂದರು. ಪಲ್ಲವಿ, ಅನುಪಲ್ಲವಿ ಬಂತು. ಮುಕ್ತಾಯಿ ಸ್ವರ ಅರ್ಧಕ್ಕೆ ನಿಂತಿತು.

“ಪರವಾಗಿಲ್ಲ ಆಂಟಿ, ಕೈಗೆ ನೆನಪಿದೆ. ನೀವು ಮುಂದೆ ಏನು ಬರುತ್ತೆ ಅಂತ ಯೋಚನೆ ಮಾಡಿದ ಕೂಡಲೇ ನಿಲ್ಲುತ್ತೆ. ಹಾಡಿಕೊಂಡು ನುಡಿಸಿ.”

ಇದು ನಮ್ಮ ಮೇಷ್ಟ್ರೂ ಹೇಳುತ್ತಿದ್ದ ಮಾತೇ. ಬಾಯಲ್ಲಿ ಬಾರದ್ದು ವೀಣೆಯಲ್ಲಿ ಬಾರದು. ಅಂದಿನಿಂದ ಅಡುಗೆಮನೆಯಲ್ಲಿ, ಸ್ಕೂಟರಿನಲ್ಲಿ ಸ್ವರ ಹಾಡಿಕೊಳ್ಳುವ ಅಭ್ಯಾಸ ಮತ್ತೆ ಶುರುವಾಯಿತು.

ಮೋಹನ ಮರಳಿ ಕೈಗೆ ಬಂದ ಮೇಲೆ ತೋಡಿಗೆ ಕೈ ಹಾಕಿದೆವು. ವೀಣೆ ಎಂಥ ವಾದ್ಯ ಅನ್ನುವುದು ತಿಳಿಯುವುದು ಅಲ್ಲಿ. ತೋಡಿಯ ಗಾಂಧಾರ ಒಂದು ಮೆಟ್ಟಿಲಿನ ಮೇಲೆ ಬೆರಳಿಟ್ಟು ಮೀಟಿದರೆ ಸಿಗುವ ಸ್ವರವಲ್ಲ. ಕೆಳಗಿನ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದು, ಬಿಟ್ಟು, ಮತ್ತೆ ಎಳೆದು, ಆ ತೂಗಾಟದಲ್ಲಿ ಅದನ್ನು ಕಾಣಿಸಬೇಕು. ಒಂದು ಎಳೆತ ಹೆಚ್ಚಾದರೆ ಬೇರೆ ರಾಗದ ನೆರಳು ಬೀಳುತ್ತದೆ, ಕಡಿಮೆಯಾದರೆ ಸ್ವರ ಸಪ್ಪೆ. ಟೀಚರ್ ಎದುರಿಗೆ ಕೂತು ತಮ್ಮ ವೀಣೆಯಲ್ಲಿ ತೋರಿಸುತ್ತಾರೆ. ಅವರ ಬೆರಳಿನ ಉಗುರು ಎಷ್ಟು ಬೆಳ್ಳಗಾಗುತ್ತದೆ ಅಂತ ನೋಡಿಕೊಂಡು ನಾನು ಒತ್ತಡದ ಅಂದಾಜು ಮಾಡುತ್ತೇನೆ. ಪುಸ್ತಕದಲ್ಲಿ ಇದನ್ನು ಬರೆದಿಡಲು ಬರುವುದಿಲ್ಲ, ಎದುರಿಗೆ ಕೂತೇ ಕಲಿಯಬೇಕು. ನುಡಿಸಿ ಬಂದ ರಾತ್ರಿ ಹೆಗಲಿನವರೆಗೆ ನೋವಿರುತ್ತದೆ. ಆ ನೋವೂ ನನಗೆ ಇಷ್ಟ.

ಈ ನಡುವೆ ಒಂದು ಮಳೆಯ ಮಧ್ಯಾಹ್ನ ಮಾಲ್ಗುಡಿಯ ಆ ಗುನುಗನ್ನು ವೀಣೆಯಲ್ಲಿ ಹುಡುಕಲು ಕೂತೆ. ಸ್ವರ ಬರೆದಿಟ್ಟವರು ಯಾರೂ ಇರಲಿಲ್ಲ, ನೆನಪೇ ಆಧಾರ. ಮೊದಲ ಸಾಲು ಬೇಗ ಸಿಕ್ಕಿತು. ಎರಡನೆಯದನ್ನು ತಪ್ಪು ಮೆಟ್ಟಿಲುಗಳಲ್ಲಿ ಅಲೆದು ಅಲೆದು ಹಿಡಿದೆ. ಧಾರಾವಾಹಿಯಲ್ಲಿ ಅದು ಬಾಯಿಯಲ್ಲಿ ಹಾಡಿದ್ದು, ಉಸಿರಿನ ಜಾಗಗಳಿವೆ. ವೀಣೆಗೆ ಉಸಿರು ಬೇಕಿಲ್ಲವಲ್ಲ, ಹಾಗಾಗಿ ಎಲ್ಲಿ ನಿಲ್ಲಬೇಕು ಅನ್ನುವುದನ್ನು ನಾನೇ ನಿರ್ಧರಿಸಬೇಕಾಯಿತು. ಹಾಡಿಕೊಂಡು ನುಡಿಸಿದಾಗ ತಾನಾಗಿ ಸರಿಹೋಯಿತು. ಕೋಣೆಯಲ್ಲಿದ್ದ ಮಗಳು ಹೊರಗೆ ಬಂದು, “ಅಮ್ಮ, ಇದು ಸ್ವಾಮಿದು ಅಲ್ವಾ?” ಅಂದಳು. ಅವಳು ಹುಟ್ಟುವುದಕ್ಕೂ ಎಷ್ಟೋ ಮುಂಚಿನ ಧಾರಾವಾಹಿ, ನನ್ನ ಪಕ್ಕ ಕೂತು ಫೋನಿನಲ್ಲಿ ನೋಡಿದ್ದು. ಅವತ್ತಿನಿಂದ ಮನೆಗೆ ಬಂದ ನೆಂಟರ ಮುಂದೆ ಅವಳೇ ಒತ್ತಾಯ ಮಾಡಿ ಅದನ್ನು ನುಡಿಸುವಂತೆ ಮಾಡುತ್ತಾಳೆ. ವರ್ಣಕ್ಕೆ ಸುಮ್ಮನೆ ಕೂರುವ ನೆಂಟರು ಇದಕ್ಕೆ ಒಟ್ಟಿಗೆ ಗುನುಗುತ್ತಾರೆ.

ಈಗ ಟೀಚರ್ ವೀಣೆ ಶೇಷಣ್ಣನವರ ಚೆಂಚುರುಟಿ ತಿಲ್ಲಾನ ಹೇಳಿಕೊಡುತ್ತಿದ್ದಾರೆ. ಅದನ್ನು ಕಲಿಯುತ್ತಾ ಕಲಿಯುತ್ತಾ ನನ್ನೊಳಗೆ ಒಂದು ಧಾರಾವಾಹಿಯೇ ಓಡುತ್ತಿದೆ. ಶೇಷಣ್ಣನವರು 1852ರಲ್ಲಿ ಹುಟ್ಟಿ 1926ರಲ್ಲಿ ತೀರಿಕೊಂಡರು. ತಂದೆ ಬಕ್ಷಿ ಚಿಕ್ಕರಾಮಪ್ಪನವರೂ ಮೈಸೂರು ಆಸ್ಥಾನದ ವಿದ್ವಾಂಸರು. ನಾಲ್ವಡಿ ಕೃಷ್ಣರಾಜ ಒಡೆಯರು ಸಂಗೀತ ಕೇಳುವುದಷ್ಟೇ ಅಲ್ಲ, ಸ್ವತಃ ವಾದ್ಯಗಳನ್ನು ನುಡಿಸುತ್ತಿದ್ದವರು. ಅದೇ ಊರಿನಲ್ಲಿ ಗಾಯಕ ಬಿಡಾರಂ ಕೃಷ್ಣಪ್ಪ, ಅವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ. ಅವರ ಶಿಷ್ಯ ಚೌಡಯ್ಯ ಮುಂದೆ ಪಿಟೀಲಿಗೆ ಏಳು ತಂತಿ ಹಾಕಿದರು. ವಾಸುದೇವಾಚಾರ್ಯರು ಕೃತಿಗಳನ್ನು ರಚಿಸುತ್ತಾ ಅದೇ ಬೀದಿಗಳಲ್ಲಿ ಓಡಾಡುತ್ತಿದ್ದರು. ಇಷ್ಟೆಲ್ಲ ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ! ಯುದ್ಧ ಬೇಡ, ಒಳಸಂಚು ಬೇಡ, ವಿಷದ ಬಟ್ಟಲು ಬೇಡ. ಒಬ್ಬ ಶಿಷ್ಯ ಒಂದು ಗಮಕ ಕಲಿಯಲು ಪಡುವ ಪಾಡನ್ನೇ ಒಂದು ಕಂತು ಮಾಡಬಹುದು, ನಾನಂತೂ ಕಣ್ಣು ಮಿಟುಕಿಸದೆ ನೋಡುತ್ತೇನೆ. ಲೆಕ್ಕದ ಪುಸ್ತಕ ಬರೆಯುವ ಹೆಂಗಸನ್ನು ಕನ್ನಡದ ಜನ ಮನೆಮಂದಿಯೆಲ್ಲ ಕೂತು ನೋಡಿದ್ದಾರೆ, ಇದನ್ನೂ ನೋಡುತ್ತಾರೆ.

ಯಾರಾದರೂ ಅಂಥದ್ದನ್ನು ಮಾಡಲು ಹೊರಟರೆ ಒಂದು ಕೇಳಿಕೆ. ಕೈಯ ಶಾಟ್ ತೆಗೆಯುವ ದಿನ ವೀಣೆ ನುಡಿಸುವ ಒಬ್ಬರನ್ನು ಸೆಟ್ಟಿಗೆ ಕರೆಸಿ. ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ಅಂಥವರು ಬೇಕಾದಷ್ಟು ಜನ ಇದ್ದಾರೆ, ಕರೆದರೆ ಖುಷಿಯಿಂದ ಬರುತ್ತಾರೆ. ನಟಿಗೆ ಎರಡು ವಾರ ಸರಳೆ ವರಸೆ ಹೇಳಿಕೊಡಲಿ, ಬೆರಳು ನೋಯಲಿ. ಸ್ವರ ಇಳಿಯುವಾಗ ಅವಳ ಕೈ ಯಾಳಿಮುಖದ ಕಡೆಗೆ ಸರಿಯಲಿ.